ಕಿಂಗಾಯಿಟ್‌ನ ಚಿತ್ರಗಾರರು: ಒಂದು ಪುಟ್ಟ ದ್ವೀಪದ ದುಡಿಮೆ ಮತ್ತು ನೆನಪು



ಕಲಾವಿದರ ಬದುಕನ್ನೂ ಪ್ರೇರಣೆಗಳನ್ನೂ ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಆ ವಿಷಯಕ್ಕೆ ಕೊನೆಯೆಂಬುದಿಲ್ಲ. ಒಂದು ಗಂಟೆಯ ಅವಧಿಯಲ್ಲಿ ಎಲ್ಲವನ್ನೂ ಮುಟ್ಟಲು ಹೊರಟರೆ ಯಾವುದನ್ನೂ ಸರಿಯಾಗಿ ನೋಡಲಾಗುವುದಿಲ್ಲ. ಆದ್ದರಿಂದ ಒಂದೇ ಊರನ್ನು ಆರಿಸಿಕೊಂಡಿದ್ದೇನೆ. ಕೆನಡಾದ ಉತ್ತರದ ನುನಾವುಟ್ ಪ್ರಾಂತದಲ್ಲಿ ಬ್ಯಾಫಿನ್ ಎಂಬ ವಿಶಾಲವಾದ ದ್ವೀಪವಿದೆ. ಅದರ ನೈಋತ್ಯ ಮೂಲೆಗೆ ಆತುಕೊಂಡಂತೆ ಡಾರ್ಸೆಟ್ ಎಂಬ ಕಿರುದ್ವೀಪ. ಅದರ ಮೇಲಿರುವ ಊರು ಕಿಂಗಾಯಿಟ್. ಅಲ್ಲಿ ಸುಮಾರು 1,400 ಜನರಿದ್ದಾರೆ, ಹೆಚ್ಚಿನವರು ಇನುಯಿಟ್ ಸಮುದಾಯದವರು. ಆ ಊರಿಗೆ ರಸ್ತೆಯಿಲ್ಲ; ವಿಮಾನದಲ್ಲಿ ಹೋಗಬೇಕು, ಇಲ್ಲವೆ ಕಡಲು ಕರಗಿದ ತಿಂಗಳುಗಳಲ್ಲಿ ಹಡಗಿನಲ್ಲಿ. ಹೊರಗಿನವರು ಇಟ್ಟ ಕೇಪ್ ಡಾರ್ಸೆಟ್ ಎಂಬ ಹೆಸರಿನಲ್ಲಿ ಅದು ಬಹುಕಾಲ ಭೂಪಟದಲ್ಲಿತ್ತು. ಊರಿನವರು ಬಳಸುತ್ತಿದ್ದ ಹೆಸರಿಗೆ ಅಧಿಕೃತ ಮನ್ನಣೆ ಸಿಕ್ಕಿದ್ದು 2020ರಲ್ಲಿ.

ಈ ಪುಟ್ಟ ಊರು 1959ರಿಂದ ವರ್ಷಕ್ಕೊಂದರಂತೆ ಮುದ್ರಣಚಿತ್ರಗಳ ಸಂಗ್ರಹವನ್ನು ಹೊರತರುತ್ತ ಬಂದಿದೆ. ಇಲ್ಲಿ ಬಿಡಿಸಿದ ಚಿತ್ರಗಳು ಕೆನಡಾದ ಅಂಚೆಚೀಟಿಗೂ ನೋಟಿಗೂ ಏರಿವೆ, ವೆನಿಸ್‌ನ ದ್ವೈವಾರ್ಷಿಕ ಕಲಾಪ್ರದರ್ಶನದ ಗೋಡೆಗಳನ್ನು ತಲುಪಿವೆ. ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ನನಗೆ ಒಪ್ಪಿಗೆಯಿಲ್ಲ. ಹಿಮದ ಏಕಾಂತ, ನಾಗರಿಕತೆ ಮುಟ್ಟದ ಮನಸ್ಸು, ಪ್ರಾಚೀನ ಕನಸುಗಳು ಎಂದೆಲ್ಲ ಹೇಳುತ್ತಾರೆ. ನನ್ನ ತಿಳಿವಳಿಕೆ ಬೇರೆ. ಕಿಂಗಾಯಿಟ್‌ನವರನ್ನು ಚಿತ್ರದ ಕಡೆಗೆ ತಂದದ್ದು ಹೊಟ್ಟೆಪಾಡು. ಹಾಗೆ ಬಂದವರ ಕೈಯಲ್ಲಿ ತಮ್ಮ ಬದುಕಿನ ನೆನಪಿತ್ತು, ತಲೆತಲಾಂತರದ ಕಸುಬಿತ್ತು. ದುಡಿಮೆಯೂ ಪ್ರೇರಣೆಯೂ ಅವರಲ್ಲಿ ಒಂದನ್ನೊಂದು ಕೆಡಿಸಲಿಲ್ಲ, ಬೆಳೆಸಿದವು. ಇದನ್ನೇ ಇಂದು ನಿಮ್ಮ ಮುಂದೆ ವಿವರಿಸುತ್ತೇನೆ. ಮೊದಲು ಊರು ಮತ್ತು ಅದರ ಮುದ್ರಣಶಾಲೆ. ಆಮೇಲೆ ಕೆನೊಜುಆಕ್ ಎಂಬ ಕಲಾವಿದೆ. ಅನಂತರ ಒಂದೇ ಮನೆತನದ ಅಜ್ಜಿ, ಮಗಳು, ಮೊಮ್ಮಗಳು. ಕೊನೆಯಲ್ಲಿ, ದೂರದಲ್ಲಿ ಕುಳಿತು ಇವರ ಚಿತ್ರ ನೋಡುವ, ಕೊಳ್ಳುವ ನಮ್ಮಂಥವರ ವಿಷಯ.

ಊರಿನ ಕಥೆಯಿಂದ ಆರಂಭಿಸೋಣ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಇದು ನಾವು ಅಂದುಕೊಳ್ಳುವಂಥ ಊರೇ ಆಗಿರಲಿಲ್ಲ. ಕುಟುಂಬಗಳು ಕಡಲ ದಂಡೆಯುದ್ದಕ್ಕೂ ಸಣ್ಣ ಸಣ್ಣ ಬಿಡಾರಗಳಲ್ಲಿ ಹರಡಿಕೊಂಡಿದ್ದವು. ಚಳಿಗಾಲದಲ್ಲಿ ಹಿಮದ ಇಟ್ಟಿಗೆಯ ಮನೆ, ಬೇಸಗೆಯಲ್ಲಿ ಚರ್ಮದ ಗುಡಾರ. ಸೀಲ್, ವಾಲ್ರಸ್, ಕ್ಯಾರಿಬೂ ಎಂಬ ಹಿಮಸಾರಂಗ, ಮೀನು, ಬಾತು ಇವುಗಳ ಬೆನ್ನು ಹತ್ತಿ ಋತುವಿಗೆ ತಕ್ಕಂತೆ ಜಾಗ ಬದಲಿಸುವ ಬದುಕು. ಸೀಲ್ ಕೊಬ್ಬಿನ ಎಣ್ಣೆಯಿಂದ ಉರಿಯುವ ಕಲ್ಲಿನ ದೀಪವೇ ಬೆಳಕು, ಬಿಸಿ, ಒಲೆ ಎಲ್ಲವೂ. 1913ರಲ್ಲಿ ಹಡ್ಸನ್ಸ್ ಬೇ ಕಂಪನಿ ಇಲ್ಲಿ ಮಳಿಗೆ ತೆರೆಯಿತು. ನರಿಯ ತುಪ್ಪಳ ಕೊಟ್ಟರೆ ಬಂದೂಕು, ಚಹಾ, ಹಿಟ್ಟು, ಬಟ್ಟೆ ಸಿಗುತ್ತಿತ್ತು. ಒಂದೆರಡು ತಲೆಮಾರಿನೊಳಗೆ ಜನರ ಜೀವನ ಆ ತುಪ್ಪಳದ ಬೆಲೆಗೆ ಕಟ್ಟುಬಿದ್ದಿತು. ಎರಡನೆಯ ಮಹಾಯುದ್ಧದ ನಂತರ ಆ ಬೆಲೆ ಕುಸಿದಾಗ ಕೊಳ್ಳುವ ದಾರಿಯೇ ಮುಚ್ಚಿಹೋಯಿತು. ಅದೇ ಹೊತ್ತಿಗೆ ಕ್ಷಯರೋಗ ಹಬ್ಬಿತು. ಶಾಲೆಗೆಂದು, ಔಷಧಿಗೆಂದು, ಸರಕಾರದ ಒತ್ತಾಯಕ್ಕೆಂದು 1950 ಮತ್ತು 60ರ ದಶಕಗಳಲ್ಲಿ ಬಿಡಾರಗಳು ಒಂದೊಂದಾಗಿ ಖಾಲಿಯಾಗಿ ಜನ ಊರಿಗೆ ಬಂದು ಸೇರಿದರು. ಬೇಟೆಗಾರನೊಬ್ಬ ಮರದ ಹಲಗೆಯ ಮನೆಯಲ್ಲಿ ಕುಳಿತು ನಾಳೆ ಏನು ಮಾಡುವುದು ಎಂದು ಯೋಚಿಸಬೇಕಾಗಿ ಬಂದ ಕಾಲ ಅದು. ಕಿಂಗಾಯಿಟ್‌ನ ಚಿತ್ರಕಲೆ ಹುಟ್ಟಿದ್ದು ಆ ಕಾಲದಲ್ಲಿ.

ಆಗ ಅಲ್ಲಿದ್ದ ಹೊರಗಿನವರಲ್ಲಿ ಜೇಮ್ಸ್ ಹ್ಯೂಸ್ಟನ್ ಎಂಬವರೊಬ್ಬರು. ಸ್ವತಃ ಚಿತ್ರಕಾರರು. 1948ರಲ್ಲಿ ಆರ್ಕ್ಟಿಕ್ ಪ್ರದೇಶಕ್ಕೆ ಬಂದು, ಇನುಯಿಟ್ ಜನರ ಕಲ್ಲಿನ ಕೆತ್ತನೆಗಳನ್ನು ನೋಡಿ, ಅವನ್ನು ದಕ್ಷಿಣದ ಪಟ್ಟಣಗಳಲ್ಲಿ ಮಾರಿಸಲು ಮುಂದಾದವರು. ಮುಂದೆ ಸರಕಾರದ ಅಧಿಕಾರಿಯಾಗಿ ಕಿಂಗಾಯಿಟ್‌ನಲ್ಲೇ ನೆಲೆಸಿದರು. ಅವರು ಬರೆದಿಟ್ಟ ಒಂದು ಪ್ರಸಂಗವಿದೆ. 1957ರ ಚಳಿಗಾಲ. ಒಸುಯಿಟೊಕ್ ಇಪೀಲಿ ಎಂಬ ಹೆಸರಾಂತ ಕೆತ್ತನೆಗಾರರು ಎರಡು ಸಿಗರೇಟು ಪೆಟ್ಟಿಗೆಗಳ ಮೇಲಿದ್ದ ನಾವಿಕನ ತಲೆಯನ್ನು ಹೋಲಿಸಿ ನೋಡುತ್ತಿದ್ದರು. ಒಂದೇ ಚಿತ್ರವನ್ನು ಪೆಟ್ಟಿಗೆ ಪೆಟ್ಟಿಗೆಗೂ ಬಿಡಿಸುತ್ತ ಕೂರುವವನಿಗೆ ಬೇಸರ ಬರುವುದಿಲ್ಲವೆ ಎಂದು ಅವರು ಕೇಳಿದರಂತೆ. ಉತ್ತರಕ್ಕೆ ಮಾತು ಸಾಲದೆ, ಒಸುಯಿಟೊಕ್ ಅವರೇ ಕೊರೆದಿದ್ದ ವಾಲ್ರಸ್ ದಂತವೊಂದನ್ನು ತಂದು, ಗೀರುಗಳಿಗೆ ಮಸಿ ತುಂಬಿ, ತೆಳ್ಳನೆಯ ಕಾಗದ ಒತ್ತಿ ತೆಗೆದು ಹ್ಯೂಸ್ಟನ್ ತೋರಿಸಿದರು. ಕಾಗದದ ಮೇಲೆ ಚಿತ್ರ ಮೂಡಿತ್ತು.

ಒಬ್ಬ ದುಡಿಮೆಗಾರ ಇನ್ನೊಬ್ಬ ಕಾಣದ ದುಡಿಮೆಗಾರನ ಬೇಸರದ ಬಗ್ಗೆ ಕೇಳಿದ ಪ್ರಶ್ನೆಯಿಂದ ಇಷ್ಟು ದೊಡ್ಡ ಪರಂಪರೆಯ ಕಥೆ ಶುರುವಾಗುತ್ತದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಆದರೆ ಹ್ಯೂಸ್ಟನ್ ಬಂದು ಕಲಿಸಿದರು, ಜನ ಕಲಿತರು ಎಂದು ಇದನ್ನು ಮುಗಿಸಿಬಿಡುವುದು ತಪ್ಪಾದೀತು. ಕೊರೆಯುವ ಕೈ ಅಲ್ಲಿ ಮೊದಲೇ ಇತ್ತು. ಅದಕ್ಕಿಂತ ಮುಖ್ಯವಾಗಿ, ಕತ್ತರಿಸಿ ಜೋಡಿಸುವ ಕೈ ಇತ್ತು. ಇನುಯಿಟ್ ಹೆಂಗಸರು ಸೀಲ್ ಚರ್ಮದ ಕಪ್ಪು ತುಂಡನ್ನೂ ಬಿಳಿ ತುಂಡನ್ನೂ ಅರ್ಧಚಂದ್ರಾಕೃತಿಯ ಕತ್ತಿಯಿಂದ ಬೇಕಾದ ಆಕಾರಕ್ಕೆ ಕತ್ತರಿಸಿ, ಒಂದರೊಳಗೊಂದು ಕೂರಿಸಿ ಬಟ್ಟೆ, ಚೀಲ, ಪಾದರಕ್ಷೆಗಳನ್ನು ಹೊಲಿಯುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಕೌದಿ ಹೊಲಿಯುವ ತಾಯಂದಿರ ಕಣ್ಣಿನ ಲೆಕ್ಕವನ್ನು ಬಲ್ಲವರಿಗೆ ನಾನು ಹೇಳುವುದು ಥಟ್ಟನೆ ಅರ್ಥವಾದೀತು. ಹೊಲಿಗೆ ಕೆಟ್ಟರೆ ಬೇಟೆಗೆ ಹೋದವನ ಕಾಲು ಹೆಪ್ಪುಗಟ್ಟುವ ನಾಡದು. ಅಂಚು ಚೊಕ್ಕವಾಗಿರಬೇಕು, ಆಕಾರ ತುಂಬಿಕೊಂಡಿರಬೇಕು, ತುಂಡು ವ್ಯರ್ಥವಾಗಬಾರದು. ಕಿಂಗಾಯಿಟ್‌ನ ಮೊದಲ ಮುದ್ರಣಗಳಲ್ಲಿ ಕಾಣುವ ದಿಟ್ಟವಾದ, ಸಪಾಟಾದ ಆಕಾರಗಳು ಎಲ್ಲಿಂದ ಬಂದವು ಎಂದು ಕೇಳಿದರೆ ನಾನು ಆ ಚರ್ಮದ ಚೀಲಗಳ ಕಡೆಗೆ ಕೈ ತೋರಿಸುತ್ತೇನೆ.

ಮುದ್ರಣದ ಕುಶಲತೆ ಕಲಿಯಲು 1958ರಲ್ಲಿ ಹ್ಯೂಸ್ಟನ್ ಜಪಾನಿಗೆ ಹೋಗಿ ಉನಿಚಿ ಹಿರಾತ್ಸುಕಾ ಎಂಬ ಹಿರಿಯ ಕಲಾವಿದರ ಬಳಿ ಕೆಲವು ತಿಂಗಳು ಕಲಿತರು. ಇಲ್ಲೊಂದು ಸ್ವಾರಸ್ಯವಿದೆ, ಕಲಾ ವಿದ್ಯಾರ್ಥಿಗಳು ಗಮನಿಸಬೇಕು. ಹಿರಾತ್ಸುಕಾ ಅವರು ಆಧುನಿಕ ಪಂಥಕ್ಕೆ ಸೇರಿದವರು. ಚಿತ್ರ ಬರೆಯುವುದು, ಹಲಗೆ ಕೊರೆಯುವುದು, ಅಚ್ಚು ತೆಗೆಯುವುದು ಮೂರನ್ನೂ ಕಲಾವಿದ ತಾನೇ ಮಾಡಬೇಕೆನ್ನುವ ಪಂಥ ಅದು. ಕಿಂಗಾಯಿಟ್ ಹಿಡಿದದ್ದು ಮಾತ್ರ ಜಪಾನಿನ ಅದಕ್ಕೂ ಹಳೆಯ ದಾರಿಯನ್ನು. ಒಬ್ಬರು ಚಿತ್ರ ಬಿಡಿಸುತ್ತಾರೆ, ಇನ್ನೊಬ್ಬರು ಅದನ್ನು ನಯಗೊಳಿಸಿದ ಶಿಲೆಯ ಮೇಲೆ ಕೊರೆಯುತ್ತಾರೆ, ಶಿಲೆಗೆ ಬಣ್ಣ ಸವರಿ, ಜಪಾನೀ ಕಾಗದ ಹಾಸಿ, ಕೈಯಿಂದ ಉಜ್ಜಿ ಅಚ್ಚು ತೆಗೆಯುತ್ತಾರೆ. ಸಾಮಾನ್ಯವಾಗಿ ಐವತ್ತು ಪ್ರತಿ. ಆಮೇಲೆ ಆ ಶಿಲೆಯ ಚಿತ್ರವನ್ನು ಕೆಡಿಸಿಬಿಡುತ್ತಾರೆ, ಮತ್ತೊಂದು ಪ್ರತಿ ಹುಟ್ಟಕೂಡದು. ಚಿತ್ರ ಬಿಡಿಸಿದವರ ಹೆಸರೂ ಮುದ್ರಿಸಿದವರ ಹೆಸರೂ ಪ್ರತಿಯ ಮೇಲೆ ಮೊಹರಾಗಿ ಬೀಳುತ್ತವೆ, ಜೊತೆಗೆ ಹಿಮಮನೆಯಾಕಾರದ ಸಣ್ಣ ಕೆಂಪು ಮೊಹರು. ಬೇಟೆಯನ್ನು ಹಂಚಿಕೊಂಡು ತಿನ್ನುವ ಸಮಾಜವೊಂದು ಚಿತ್ರದ ಕೆಲಸವನ್ನೂ ಹಂಚಿಕೊಂಡಿತು ಎಂದು ನನಗನ್ನಿಸುತ್ತದೆ.

ಆ ಕೆಂಪು ಮೊಹರು ಸಹಕಾರ ಸಂಘದ್ದು. 1959ರಲ್ಲಿ ನೋಂದಣಿಯಾದ ಈ ವೆಸ್ಟ್ ಬ್ಯಾಫಿನ್ ಸಹಕಾರ ಸಂಘಕ್ಕೆ ಊರಿನವರೇ ಸದಸ್ಯರು. ಸಹಕಾರ ಸಂಘವೆಂದರೇನೆಂದು ಈ ಸಭೆಗೆ ವಿವರಿಸಬೇಕಿಲ್ಲ. ಅದು ಚಿತ್ರಗಳನ್ನು ಕೊಂಡಿತು, ಮುದ್ರಿಸಿತು, ಮಾರಿತು, ದಿನಸಿ ಅಂಗಡಿಯನ್ನೂ ನಡೆಸಿತು. 1960ರಲ್ಲಿ ಬಂದ ಟೆರಿ ರಯಾನ್ ಎಂಬ ತರುಣ ಕಲಾವಿದರು ಹಲವು ದಶಕಗಳ ಕಾಲ ಅದನ್ನು ಮುನ್ನಡೆಸಿದರು. ಅದರ ಒಂದು ಪದ್ಧತಿಯನ್ನು ನಾನು ಒತ್ತಿ ಹೇಳಬೇಕು. ಯಾರು ಚಿತ್ರ ತಂದರೂ ಸಂಘ ಆಗಲೇ ಹಣ ಕೊಟ್ಟು ಕೊಳ್ಳುತ್ತಿತ್ತು. ಅದು ಮುಂದೆ ಮುದ್ರಣವಾಗುತ್ತದೋ ಇಲ್ಲವೋ ಎಂದು ಕಾಯಬೇಕಾಗಿರಲಿಲ್ಲ. ಮುದ್ರಣವಾಗುತ್ತಿದ್ದದ್ದು ಸಣ್ಣದೊಂದು ಪಾಲು ಮಾತ್ರ. ಉಳಿದವೂ ಸಂಘದ ಕಪಾಟಿನಲ್ಲಿ ಉಳಿದವು. ಮುಪ್ಪಿನ ಬೇಟೆಗಾರರು, ವಿಧವೆಯರು, ಪೆನ್ಸಿಲನ್ನೇ ಹಿಡಿಯದಿದ್ದವರು ಕಾಗದ ಒಯ್ದು ಮನೆಯಲ್ಲಿ ಕುಳಿತು ಬಿಡಿಸಿದರು. ಸಂಭಾವನೆ ದೊಡ್ಡದಲ್ಲ. ಆದರೂ ತಪ್ಪು ಮಾಡುವ, ಮತ್ತೆ ಯತ್ನಿಸುವ, ಹತ್ತು ವರ್ಷ ಒಂದೇ ವಿಷಯದ ಸುತ್ತ ಸುಳಿಯುವ ಅವಕಾಶ ಅದರಿಂದ ಸಿಕ್ಕಿತು. ಯಾವ ಕಲಾಶಾಲೆಯೂ ಇದಕ್ಕಿಂತ ಹೆಚ್ಚಿನದನ್ನು ಕೊಡಲಾರದು.

ಈಗ ಎರಡನೆಯ ಭಾಗಕ್ಕೆ, ಕೆನೊಜುಆಕ್ ಅಶೆವಾಕ್ ಅವರ ಬದುಕಿಗೆ ಬರುತ್ತೇನೆ.

ಆಕೆ ಹುಟ್ಟಿದ್ದು 1927ರಲ್ಲಿ, ಬ್ಯಾಫಿನ್ ದ್ವೀಪದ ತೆಂಕಣ ದಂಡೆಯ ಒಂದು ಬಿಡಾರದ ಹಿಮಮನೆಯಲ್ಲಿ. ಚಿಕ್ಕಂದಿನಲ್ಲೇ ತಂದೆ ಹೋದರು. ಅಜ್ಜಿಯ ಜೊತೆ ಬೆಳೆದ ಹುಡುಗಿ ಚರ್ಮ ಹದಮಾಡುವುದನ್ನೂ ಹೊಲಿಯುವುದನ್ನೂ ಅಜ್ಜಿಯಿಂದಲೇ ಕಲಿತಳು. ಜಾನಿಬೊ ಎಂಬ ಬೇಟೆಗಾರನನ್ನು ಮದುವೆಯಾದಳು. 1952ರಲ್ಲಿ ಕ್ಷಯರೋಗವಿದೆಯೆಂದು ಕ್ವಿಬೆಕ್ ನಗರದ ಆಸ್ಪತ್ರೆಗೆ ಸಾಗಿಸಿದರು. ಆಗಷ್ಟೇ ಹೆತ್ತಿದ್ದ ಕೂಸನ್ನು ಬೇರೊಂದು ಕುಟುಂಬ ಸಾಕಿಕೊಂಡಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಭಾಷೆ ತಿಳಿಯದ ಊರಿನಲ್ಲಿ ಹಾಸಿಗೆ ಹಿಡಿದಿದ್ದರು. ಆ ಅವಧಿಯಲ್ಲೇ ಊರಿನಲ್ಲಿದ್ದ ಮಕ್ಕಳಲ್ಲಿ ಕೆಲವರು ತೀರಿಕೊಂಡರು. ಇದು ಆಕೆಯೊಬ್ಬರ ಪಾಡಲ್ಲ. 1950ರ ದಶಕದ ನಡುವಿನಲ್ಲಿ ಕೆನಡಾದ ಇನುಯಿಟ್ ಜನರಲ್ಲಿ ಏಳಕ್ಕೊಬ್ಬರು ದಕ್ಷಿಣದ ಕ್ಷಯ ಆಸ್ಪತ್ರೆಗಳಲ್ಲಿದ್ದರು. ಎಷ್ಟೋ ಜನ ಮರಳಲಿಲ್ಲ, ಎಷ್ಟೋ ಕುಟುಂಬಗಳಿಗೆ ತಮ್ಮವರ ಸಮಾಧಿ ಎಲ್ಲಿದೆಯೆಂಬುದೂ ತಿಳಿಯದೆ ಹೋಯಿತು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೈಕೆಲಸ ಹೇಳಿಕೊಡುತ್ತಿದ್ದರು. ಕೆನೊಜುಆಕ್ ಅಲ್ಲಿ ಗೊಂಬೆ ಮಾಡಿದರು, ಮಣಿ ಪೋಣಿಸಿದರು. 1955ರಲ್ಲಿ ಗುಣವಾಗಿ ಮರಳಿದರು.

ಮರಳಿದ ಕೆಲವೇ ವರ್ಷಗಳಲ್ಲಿ ಅವರ ಕೈಗೆ ಕಾಗದ ಬಂತು. ಅವರ ಮೊದಲ ಮುದ್ರಣಚಿತ್ರ 1959ರ ಸಂಗ್ರಹದ್ದು, ಕಡಲ ಪಾಚಿ ತಿನ್ನುತ್ತಿರುವ ಮೊಲ. ಅದರ ಮೂಲ ವಿನ್ಯಾಸ ಅವರೇ ಹೊಲಿದ ಸೀಲ್ ಚರ್ಮದ ಚೀಲವೊಂದರ ಮೇಲಿತ್ತು ಎಂಬುದನ್ನು ನೀವು ಗಮನಿಸಬೇಕು. ಮರುವರ್ಷ, 1960ರಲ್ಲಿ ಬಂದದ್ದು ‘ಮೋಹಕ ಗೂಬೆ’ ಎಂದು ನಾವು ಕರೆಯಬಹುದಾದ ಚಿತ್ರ. ಕಾಗದದ ನಡುವೆ ಒಂದು ಗೂಬೆ, ನಮ್ಮನ್ನೇ ದಿಟ್ಟಿಸುವ ದುಂಡು ಕಣ್ಣು. ತಲೆಯಿಂದ ಹೊರಟ ಗರಿಗಳು ಸೂರ್ಯನ ಕಿರಣಗಳಂತೆ ಉದ್ದುದ್ದಕ್ಕೆ ಬಾಗಿ ಹರಡಿವೆ; ಬಾಲ ಮೇಲೆದ್ದು ಅವಕ್ಕೆ ಎದುರು ನಿಂತಿದೆ. ಐವತ್ತು ಪ್ರತಿಗಳಲ್ಲಿ ಅರ್ಧ ಕೆಂಪು ಕಪ್ಪಿನಲ್ಲಿ, ಅರ್ಧ ಹಸಿರು ಕಪ್ಪಿನಲ್ಲಿ. ಹಿನ್ನೆಲೆಯಲ್ಲಿ ಹಿಮವಿಲ್ಲ, ದಿಗಂತವಿಲ್ಲ, ಖಾಲಿ ಕಾಗದ. ಇಂಥ ಹಕ್ಕಿ ಎಲ್ಲೂ ಇಲ್ಲ. ಆದರೆ ಅದರ ಒಂದು ಗರಿಯ ಅಂಚೂ ಅನುಮಾನದಿಂದ ಎಳೆದದ್ದಲ್ಲ.

ಇದರ ಅರ್ಥವೇನೆಂದು ವಿಮರ್ಶಕರು ಆಕೆಯನ್ನು ಬಿಡದೆ ಕೇಳಿದರು. ಮಾಂತ್ರಿಕರ ಲೋಕವೆ, ಪುರಾಣವೆ, ಕನಸೆ? ಕೆನೊಜುಆಕ್ ಪ್ರತಿಸಲವೂ ಸರಳವಾಗಿ ಉತ್ತರಿಸಿದರು: ಒಂದು ಆಕಾರದಿಂದ ಆರಂಭಿಸಿ, ಅದರ ಪಕ್ಕದಲ್ಲಿ ಯಾವುದು ಚೆಲುವಾಗಿ ಕೂರುತ್ತದೋ ಅದನ್ನು ಸೇರಿಸುತ್ತ ಹೋಗುವುದಷ್ಟೇ ತಮ್ಮ ಕೆಲಸ ಎಂಬುದು ಅವರ ಮಾತಿನ ಸಾರ. ಇದನ್ನು ಮುಗ್ಧತೆಯೆಂದು ಓದಿದವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ತುಂಡಿನ ಪಕ್ಕದಲ್ಲಿ ತುಂಡಿಟ್ಟು ಹೊಲಿದು ಬೆಳೆದ ಕೈಯ ಖಚಿತ ತಿಳಿವಳಿಕೆ ಆ ಮಾತಿನಲ್ಲಿದೆ. ಮತ್ತೂ ಒಂದು ಮಾತು. ಮಕ್ಕಳನ್ನು ಕಳೆದುಕೊಂಡು ಬಂದ ತಾಯಿಯೊಬ್ಬಳು ಚೆಲುವನ್ನೇ ಆರಿಸಿಕೊಂಡಳು. ಆ ಆಯ್ಕೆಗೆ ಕಾರಣ ಕೇಳುವ ಹಕ್ಕು ನಮಗಿಲ್ಲ. ಅದರ ಮುಂದೆ ತಲೆಬಾಗುವುದಷ್ಟೇ ನಮ್ಮಿಂದಾಗುವುದು.

ದುಡಿಮೆಯ ವಿಷಯ ಇಲ್ಲಿಯೂ ಬಿಡುವಂತಿಲ್ಲ. 1960ರ ದಶಕದ ಆರಂಭದಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ಆಕೆಯ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಿತು. ಅದು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಅದರಿಂದ ಬಂದ ಹಣದಲ್ಲಿ ಜಾನಿಬೊ ಸ್ವಂತದ್ದೊಂದು ದೋಣಿ ಕೊಂಡು, ಇನ್ನೊಬ್ಬರನ್ನು ಆಶ್ರಯಿಸದ ಬೇಟೆಗಾರನಾದರು. ಹೆಂಡತಿಯ ಚಿತ್ರ ಗಂಡನಿಗೆ ಬೇಟೆಯ ಬದುಕನ್ನು ಮರಳಿ ಕೊಡಿಸಿತು! ಹೊಸ ಕಲೆ ಹಳೆಯ ಬದುಕನ್ನು ನುಂಗಿತೆಂದು ಹಲುಬುವವರು ಈ ದೋಣಿಯನ್ನು ನೆನೆಯಬೇಕು. 1970ರಲ್ಲಿ ಆ ಗೂಬೆ ಅಂಚೆಚೀಟಿಯಾಯಿತು. ಕೆನಡಾದ ಉನ್ನತ ನಾಗರಿಕ ಗೌರವ ಆಕೆಗೆ ಸಂದಿತು. 2013ರಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ ಊರಿನಲ್ಲೇ ತೀರಿಕೊಂಡರು. 2017ರಲ್ಲಿ ಕೆನಡಾ ತನ್ನ ನೂರೈವತ್ತನೆಯ ವರ್ಷಕ್ಕೆಂದು ಹೊರತಂದ ಹತ್ತು ಡಾಲರಿನ ನೋಟಿನ ಮೇಲೂ ಆಕೆಯ ಗೂಬೆಯೊಂದಿದೆ.

ಮೂರನೆಯ ಭಾಗಕ್ಕೆ ಹೆಚ್ಚು ಹೊತ್ತು ಬೇಕೆಂದು ಉಳಿದವನ್ನು ಬೇಗ ದಾಟಿದ್ದೇನೆ. ಇಲ್ಲಿ ಹೇಳಬೇಕಾದದ್ದು ಪಿಟ್ಸಿಯೊಲಾಕ್ ಅಶೂನಾ, ಆಕೆಯ ಮಗಳು ನಪಾಚಿ ಪೂಟೂಗೂಕ್, ನಪಾಚಿಯ ಮಗಳು ಆ್ಯನಿ ಪೂಟೂಗೂಕ್ ಇವರ ಕಥೆ. ಒಂದೇ ಮನೆತನದ ಮೂವರು ಹೆಂಗಸರು, ಮೂರು ಕಾಲಗಳು.

ಪಿಟ್ಸಿಯೊಲಾಕ್ ಹುಟ್ಟಿದ್ದು ಶತಮಾನದ ಮೊದಲ ದಶಕದಲ್ಲಿ, ತಂದೆತಾಯಿ ಕಡಲು ದಾಟಿ ಬ್ಯಾಫಿನ್ ಕಡೆಗೆ ಪಯಣಿಸುತ್ತಿದ್ದಾಗ ನಡುವಿನ ಒಂದು ದ್ವೀಪದಲ್ಲಿ. ಅಶೂನಾ ಎಂಬ ಸಮರ್ಥ ಬೇಟೆಗಾರನ ಕೈಹಿಡಿದು ಹದಿನೇಳು ಮಕ್ಕಳನ್ನು ಹೆತ್ತರು. ದೊಡ್ಡವರಾಗುವವರೆಗೆ ಉಳಿದವರು ಆರು ಮಂದಿ. 1940ರ ದಶಕದಲ್ಲಿ ಗಂಡ ರೋಗಕ್ಕೆ ಬಲಿಯಾದರು. ಬೇಟೆಯಾಡುವವನಿಲ್ಲದ ಬಿಡಾರದಲ್ಲಿ ಹಸಿವೆಯೆಂದರೇನೆಂದು ಆ ವಿಧವೆಗೆ ಗೊತ್ತು. ಮೊದಲು ಮಾರಾಟಕ್ಕೆ ಬಟ್ಟೆ ಹೊಲಿದರು, ಕಸೂತಿ ಹಾಕಿದರು. ಆಮೇಲೆ ನೆಂಟರಾದ ಕಿಯಾಕ್‌ಶುಕ್ ಎಂಬ ಮುದುಕರು ಚಿತ್ರ ಬಿಡಿಸಿ ಹಣ ಪಡೆಯುವುದನ್ನು ಕಂಡು ತಾವೂ ಕಾಗದ ಕೊಂಡರು. ಆಗ ವಯಸ್ಸು ಐವತ್ತು ದಾಟಿತ್ತು. ಮೊದಲ ಕೆಲವು ಚಿತ್ರಗಳಿಗೆ ಹ್ಯೂಸ್ಟನ್ ಇಪ್ಪತ್ತು ಡಾಲರ್ ಕೊಟ್ಟದ್ದನ್ನು ಆಕೆ ಮುಂದೆ ಸಂತೋಷದಿಂದ ನೆನೆಯುತ್ತಿದ್ದರು. ಹಣಕ್ಕಾಗಿ ಬಿಡಿಸಲು ತೊಡಗಿದೆ ಎಂದು ಹೇಳಲು ಅವರಿಗೆ ಸಂಕೋಚವಿರಲಿಲ್ಲ. ಮುಂದಿನ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಅವರು ಬಿಡಿಸಿದ್ದು 7,000ಕ್ಕೂ ಮಿಕ್ಕ ಚಿತ್ರಗಳನ್ನು!

ಆ ಚಿತ್ರಗಳಲ್ಲಿ ಏನಿದೆ? ಬೇಸಗೆಯ ಗುಡಾರ, ಸಾಮಾನು ಹೇರಿಕೊಂಡು ಹೊರಟ ಕುಟುಂಬ, ಬೆನ್ನ ಮೇಲೆ ಹೊರೆ ಹೊತ್ತ ನಾಯಿಗಳು, ಮಗುವನ್ನು ಅಂಗಿಯ ಟೊಪ್ಪಿಗೆಯಲ್ಲಿ ಕೂರಿಸಿಕೊಂಡ ತಾಯಿ, ಹಕ್ಕಿಗಳ ಹಿಂಡು. ಜನ ನಗುತ್ತಿದ್ದಾರೆ, ಆಡುತ್ತಿದ್ದಾರೆ, ಒಟ್ಟಿಗೆ ದುಡಿಯುತ್ತಿದ್ದಾರೆ. ಗಂಡ ಬದುಕಿದ್ದ, ಬಿಡಾರ ತುಂಬಿದ್ದ ಕಾಲವನ್ನು ಆಕೆ ದಿನವೂ ಕಾಗದದ ಮೇಲೆ ಮತ್ತೆ ಕಟ್ಟಿದರು. ಡಾರತಿ ಈಬರ್ ಎಂಬ ಪತ್ರಕರ್ತೆ ಆಕೆಯ ಮಾತುಗಳನ್ನು ದಾಖಲಿಸಿ 1971ರಲ್ಲಿ ಪುಸ್ತಕವಾಗಿ ತಂದರು, ಇಂಗ್ಲಿಷಿನಲ್ಲೂ ಇನುಕ್ಟಿಟುಟ್ ಭಾಷೆಯಲ್ಲೂ. ಅದನ್ನು ಓದಿದವರಿಗೆ ಆ ಸಂತೋಷದ ಚಿತ್ರಗಳ ಹಿಂದೆ ಎಷ್ಟು ದುಃಖವಿದೆಯೆಂದು ತಿಳಿಯುತ್ತದೆ. ಆಕೆ ದುಃಖವನ್ನು ಮಾತಿಗೆ ಬಿಟ್ಟು ಸಂತೋಷವನ್ನು ಚಿತ್ರಕ್ಕೆ ಎತ್ತಿಟ್ಟರು.

ಮಗಳು ನಪಾಚಿ ತಾಯಿಯ ಜೊತೆಯಲ್ಲೇ, ಇಪ್ಪತ್ತರ ಆಸುಪಾಸಿನಲ್ಲಿ ಬಿಡಿಸಲು ತೊಡಗಿದವರು. ಬಹಳ ವರ್ಷ ಆಕೆಯ ಚಿತ್ರಗಳೂ ಮಾರುಕಟ್ಟೆ ಬಯಸುವ ಬೇಟೆ, ಬಿಡಾರ, ಪುರಾಣಗಳ ಸುತ್ತ ಇದ್ದವು. 1990ರ ದಶಕದ ಕೊನೆಗೆ, ಅರವತ್ತರ ಹೊಸ್ತಿಲಲ್ಲಿ, ಆಕೆ ಬೇರೆಯದೇ ಒಂದು ಸರಣಿಯನ್ನು ಬಿಡಿಸಿದರು. ಒಪ್ಪಿಗೆಯಿಲ್ಲದೆ ಮದುವೆಗೆ ಎಳೆದೊಯ್ದ ಹೆಣ್ಣುಗಳು, ಹೊಡೆಯುವ ಗಂಡಸರು, ಹಸಿವೆಯ ದಿನಗಳು. ಚಿತ್ರದ ಜೊತೆಗೇ ತಮ್ಮ ಭಾಷೆಯ ಲಿಪಿಯಲ್ಲಿ ನಡೆದದ್ದನ್ನು ನಡೆದಂತೆ ಬರೆದರು. ಕಪ್ಪು ಗೆರೆ, ಹೆಚ್ಚು ಬಣ್ಣವಿಲ್ಲ, ಅಲಂಕಾರವಿಲ್ಲ. ತಾಯಿ ಚಿತ್ರದಿಂದ ಹೊರಗಿಟ್ಟದ್ದನ್ನು ಮಗಳು ಚಿತ್ರದೊಳಕ್ಕೆ ತಂದರು. ಇದನ್ನು ತಾಯಿಯ ಮಾತಿಗೆ ಎದುರಾಡಿದಂತೆ ಎಂದು ಹೇಳುವವರಿದ್ದಾರೆ. ತಾಯಿಯ ಕೆಲಸವನ್ನು ಮಗಳು ಪೂರ್ತಿ ಮಾಡಿದಳು ಎನ್ನುವುದು ನನ್ನ ಭಾವನೆ. ನಪಾಚಿ 2002ರಲ್ಲಿ ತೀರಿಕೊಂಡರು. ಆ ಸರಣಿ ವಿನಿಪೆಗ್ ಕಲಾಗ್ಯಾಲರಿಯಲ್ಲಿ ಪ್ರದರ್ಶನಗೊಂಡದ್ದು 2004ರಲ್ಲಿ.

ಆ್ಯನಿ ಹುಟ್ಟಿದ್ದು 1969ರಲ್ಲಿ. ಬಿಡಾರದ ಬದುಕನ್ನು ಕಂಡವರಲ್ಲ. ಹಲಗೆಯ ಮನೆ, ಟಿ.ವಿ., ಅಂಗಡಿಯ ಫ್ರೀಜರು, ಗೋಡೆಯ ಗಡಿಯಾರ ಇವುಗಳ ನಡುವೆ ಬೆಳೆದವರು. 1990ರ ದಶಕದ ಕೊನೆಯಲ್ಲಿ ಬಣ್ಣದ ಪೆನ್ಸಿಲ್ ಹಿಡಿದಾಗ ಆಕೆ ಬಿಡಿಸಿದ್ದೂ ಅದನ್ನೇ. ಕುಟುಂಬದವರು ನೆಲದ ಮೇಲೆ ರಟ್ಟು ಹಾಸಿ ಸುತ್ತ ಕುಳಿತು ಹಸಿ ಮಾಂಸ ತಿನ್ನುತ್ತಿದ್ದಾರೆ, ಮೂಲೆಯಲ್ಲಿ ಟಿ.ವಿ. ಓಡುತ್ತಿದೆ. ಗಂಡಸೊಬ್ಬ ಹೆಂಡತಿಗೆ ಹೊಡೆಯಲು ಕೈಯೆತ್ತಿದ್ದಾನೆ. ಸಹಕಾರ ಸಂಘದ ಅಂಗಡಿಯಲ್ಲಿ ಜನ ಫ್ರೀಜರಿನ ಮುಂದೆ ನಿಂತಿದ್ದಾರೆ. ಬಿಡಾರದ ಚಿತ್ರವನ್ನು ಎಷ್ಟು ಶ್ರದ್ಧೆಯಿಂದ ಅಜ್ಜಿ ಬಿಡಿಸುತ್ತಿದ್ದರೋ ಅಷ್ಟೇ ಶ್ರದ್ಧೆಯಿಂದ ಮೊಮ್ಮಗಳು ವಿದ್ಯುತ್ ಸ್ವಿಚ್ಚಿನ ಚೌಕವನ್ನೂ ಕಸದ ಬುಟ್ಟಿಯನ್ನೂ ಬಿಡಿಸಿದಳು. ಅಜ್ಜಿಯ ದಪ್ಪ ಚೌಕಟ್ಟಿನ ಕನ್ನಡಕವನ್ನಂತೂ ಒಂಟಿಯಾಗಿ, ದೊಡ್ಡದಾಗಿ ಬಿಡಿಸಿದ್ದಾಳೆ. ಈ ಇಡೀ ಪರಂಪರೆಯಲ್ಲಿ ನನ್ನನ್ನು ಅತ್ಯಂತ ಆಳವಾಗಿ ಕಲಕುವ ಚಿತ್ರ ಅದೇ.

ಮೊದಮೊದಲು ಇಂಥವನ್ನು ಕೊಳ್ಳುವವರು ಯಾರೆಂದು ಊರಿನಲ್ಲೇ ಅನುಮಾನವಿತ್ತು. 2006ರಲ್ಲಿ ಟೊರಾಂಟೊದ ಪವರ್ ಪ್ಲಾಂಟ್ ಗ್ಯಾಲರಿಯಲ್ಲಿ ಆಕೆಯ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅದೇ ವರ್ಷ ಕೆನಡಾದ ಸೋಬಿ ಕಲಾಪ್ರಶಸ್ತಿ ಬಂತು. ಮರುವರ್ಷ ಜರ್ಮನಿಯ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಆಕೆಯ ಚಿತ್ರಗಳಿದ್ದವು. ಹೆಸರು ಬಂದಷ್ಟು ಬೇಗ ನೆಮ್ಮದಿ ಬರಲಿಲ್ಲ. ದಕ್ಷಿಣದ ನಗರಗಳಲ್ಲಿ ನೆಲೆ ಸಿಗದೆ, ರಾಜಧಾನಿ ಒಟ್ಟಾವಾ ನಗರದ ಬೀದಿಗಳಲ್ಲಿ ಕಷ್ಟದ ದಿನ ಕಳೆದು, 2016ರಲ್ಲಿ ನಲವತ್ತೇಳನೆಯ ವಯಸ್ಸಿಗೆ ಅಲ್ಲಿನ ರಿಡೊ ನದಿಯಲ್ಲಿ ಶವವಾಗಿ ಸಿಕ್ಕರು. ಇನುಯಿಟ್ ಕಲೆಯನ್ನು ವಸ್ತುಸಂಗ್ರಹಾಲಯಗಳಲ್ಲಿ ಮೆರೆಸುವ ಒಂದು ದೇಶದ ರಾಜಧಾನಿಯಲ್ಲಿ ಆ ಕಲೆಯ ಅತಿ ಪ್ರತಿಭಾವಂತ ಮಗಳೊಬ್ಬಳಿಗೆ ಬದುಕಲು ಜಾಗ ಸಿಗಲಿಲ್ಲ. ಇದನ್ನು ಹೇಳುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಈಗ ಕೊನೆಯ ವಿಚಾರಕ್ಕೆ ಬರೋಣ: ನೋಡುವವರ ನಿರೀಕ್ಷೆ.

1960ರ ದಶಕದಿಂದ 1989ರವರೆಗೆ ಈ ಮುದ್ರಣಗಳು ಮಾರುಕಟ್ಟೆಗೆ ಹೋಗುವ ಮುನ್ನ ದಕ್ಷಿಣದ ತಜ್ಞರ ಮಂಡಳಿಯೊಂದರ ಮುಂದೆ ಹೋಗಬೇಕಿತ್ತು. ಅವರು ಒಪ್ಪಿದವು ಮಾರಾಟಕ್ಕೆ, ಉಳಿದವು ಬದಿಗೆ. ಗುಣಮಟ್ಟ ಕಾಪಾಡುವ ಸದುದ್ದೇಶವಿತ್ತು, ನಿಜ. ಆದರೆ ತಮ್ಮ ಊರಿನ ಚಿತ್ರ ಹೇಗಿರಬೇಕೆಂದು ಚಿತ್ರ ಬಿಡಿಸುವವರು ದೂರದ ತೀರ್ಪಿಗೆ ಕಾಯಬೇಕಾಯಿತು. ಕೊಳ್ಳುವವರಿಗೂ ಹಿಮಕರಡಿ ಬೇಕಿತ್ತು, ಹಿಮವಾಹನ ಬೇಡವಾಗಿತ್ತು.

ಅದನ್ನು ಮೀರಿದವರು ಆ ಕಾಲದಲ್ಲೇ ಇದ್ದರು. ಬೇಟೆಯಲ್ಲಿ ತೋಳಿಗೆ ಪೆಟ್ಟಾಗಿ, ಕ್ಷಯದ ಆಸ್ಪತ್ರೆಯನ್ನೂ ಕಂಡು ಬಂದ ಪುಡ್ಲೊ ಪುಡ್ಲಾಟ್ ತಮ್ಮ ಚಿತ್ರಗಳಲ್ಲಿ ವಿಮಾನಗಳನ್ನು ತಂದರು. ಕಸ್ತೂರಿ ಎತ್ತುಗಳ ಪಕ್ಕದಲ್ಲಿ ವಿಮಾನ, ಗುಡ್ಡದ ಮೇಲೆ ವಿಮಾನ. ಆ ಊರಿಗೆ ಔಷಧಿ, ಕಾಗದಪತ್ರ, ನೆಂಟರು ಎಲ್ಲವೂ ವಿಮಾನದಲ್ಲೇ ಬರುತ್ತಿದ್ದಾಗ ಅದು ಗೂಬೆಯಷ್ಟೇ ಸಹಜವಾದ ಹಕ್ಕಿ. 1990ರಲ್ಲಿ ಕೆನಡಾದ ರಾಷ್ಟ್ರೀಯ ಗ್ಯಾಲರಿ ಅವರ ಮೂವತ್ತು ವರ್ಷಗಳ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಇನ್ನೊಬ್ಬರು ಕನಾಂಗಿನಾಕ್ ಪೂಟೂಗೂಕ್, ಮೊದಲ ಮುದ್ರಕರಲ್ಲಿ ಒಬ್ಬರು, ಆ್ಯನಿಯ ದೊಡ್ಡಪ್ಪ ಚಿಕ್ಕಪ್ಪಂದಿರ ಸಾಲಿನವರು. 1992ರಲ್ಲಿ ಅವರು ಮೊದಲ ಪ್ರವಾಸಿಯ ಚಿತ್ರವೊಂದನ್ನು ಮಾಡಿದರು. ಹೊರಗಿನಿಂದ ಬಂದ ಬಿಳಿಯನೊಬ್ಬ ಇನುಯಿಟ್ ಹೆಂಗಸಿನ ಫೋಟೊ ತೆಗೆಯುತ್ತಿದ್ದಾನೆ. ಇಷ್ಟು ಕಾಲ ನೋಡಿಸಿಕೊಂಡವರು ನೋಡುವವನನ್ನು ನೋಡುತ್ತಿದ್ದಾರೆ. ಪ್ರೇರಣೆ ಎಲ್ಲಿಂದ ಬರುತ್ತದೆಂದು ಕೇಳುವ ನಾವೂ ಆ ಚಿತ್ರದೊಳಗೆ ಇದ್ದೇವೆ.

ಇದರ ಜೊತೆಗೇ ಹೆಸರಿನ ವಿಷಯವನ್ನು ಹೇಳಲೇಬೇಕು. 1940ರ ದಶಕದಿಂದ ಸರಕಾರ ಪ್ರತಿಯೊಬ್ಬ ಇನುಯಿಟ್ ವ್ಯಕ್ತಿಗೆ ಒಂದು ಬಿಲ್ಲೆ ಕೊಟ್ಟು ಅದರ ಮೇಲೆ ಸಂಖ್ಯೆ ಹಾಕಿಸಿತ್ತು. ಕಡತಗಳಲ್ಲಿ ಮನುಷ್ಯರನ್ನು ಗುರುತಿಸುತ್ತಿದ್ದದ್ದು ಆ ಸಂಖ್ಯೆಯಿಂದ. ಮನೆತನದ ಹೆಸರುಗಳು ದಾಖಲೆಗೆ ಬಂದದ್ದು 1970ರ ಸುಮಾರಿಗೆ. ಕನಾಂಗಿನಾಕ್ ಅವರ ತಂದೆ, ಬಿಡಾರದ ಯಜಮಾನರಾಗಿದ್ದ ಪೂಟೂಗೂಕ್ ಅವರ ಹೆಸರೇ ಮಕ್ಕಳಿಗೆಲ್ಲ ಮನೆತನದ ಹೆಸರಾಯಿತು. ಸರಕಾರದ ಪುಸ್ತಕದಲ್ಲಿ ಸಂಖ್ಯೆಯಾಗಿದ್ದ ಕಾಲದಲ್ಲೇ ಮುದ್ರಣಚಿತ್ರದ ಮೂಲೆಯಲ್ಲಿ ಅವರ ಹೆಸರು ಅವರದೇ ಲಿಪಿಯಲ್ಲಿ ಅಚ್ಚಾಗುತ್ತಿತ್ತು. ಸಹಕಾರ ಸಂಘ ಮಾಡಿದ ಕೆಲಸಗಳಲ್ಲಿ ಇದನ್ನು ನಾನು ಬಹಳ ಎತ್ತರದಲ್ಲಿಡುತ್ತೇನೆ.

ಹಣದ ಮಾತಿನಿಂದ ಆರಂಭಿಸಿದವನು ಅದನ್ನು ಪೂರ್ತಿ ಮಾಡಬೇಕು. 2018ರಲ್ಲಿ ‘ಮೋಹಕ ಗೂಬೆ’ಯ ಒಂದು ಪ್ರತಿ ಕೆನಡಾದ ಹರಾಜಿನಲ್ಲಿ 2,16,000 ಡಾಲರಿಗೆ ಮಾರಾಟವಾಯಿತು. ಕಲಾವಿದೆ ತೀರಿಕೊಂಡು ಐದು ವರ್ಷವಾಗಿತ್ತು. ಆ ಮೊತ್ತದಲ್ಲಿ ಆಕೆಯ ಕುಟುಂಬಕ್ಕೆ ಪಾಲು ಕೊಡಬೇಕೆಂಬ ನಿಯಮ ಆ ದೇಶದ ಕಾನೂನಿನಲ್ಲಿ ಇರಲಿಲ್ಲ. ಕೆನಡಾದ ಕಲಾವಿದರ ಸಂಘಟನೆಗಳು ಮರುಮಾರಾಟದ ಪಾಲಿಗಾಗಿ ವರ್ಷಗಳಿಂದ ಹೋರಾಡುತ್ತಿವೆ. ನಮ್ಮ ದೇಶದ ಹಕ್ಕುಸ್ವಾಮ್ಯ ಕಾಯ್ದೆಯ 53ಎ ಕಲಂ ಮೂಲ ವರ್ಣಚಿತ್ರ, ರೇಖಾಚಿತ್ರ, ಶಿಲ್ಪಗಳ ಮರುಮಾರಾಟದಲ್ಲಿ ಕಲಾವಿದರಿಗೂ ವಾರಸುದಾರರಿಗೂ ಪಾಲಿದೆಯೆಂದು ಹೇಳುತ್ತದೆ. ಅದು ಕಾಯ್ದೆ ಪುಸ್ತಕದಿಂದ ಕಲಾವಿದರ ಮನೆಗೆ ತಲುಪಿದ್ದು ತೀರ ಕಡಿಮೆ. ಈ ಸಭೆಯಲ್ಲಿರುವ ಕಾನೂನು ಬಲ್ಲವರು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಸಂಘ ಕೊಂಡು ಕಪಾಟಿನಲ್ಲಿಟ್ಟಿದ್ದ ಚಿತ್ರಗಳನ್ನು ಮೊದಲೇ ಹೇಳಿದೆನಲ್ಲ, ಸುಮಾರು ಒಂದು ಲಕ್ಷದಷ್ಟಿರುವ ಅವು 1990ರ ದಶಕದ ಆರಂಭದಿಂದ ಟೊರಾಂಟೊ ಬಳಿಯ ಮೆಕ್‌ಮೈಕಲ್ ಸಂಗ್ರಹಾಲಯದಲ್ಲಿ ರಕ್ಷಣೆಯಲ್ಲಿವೆ. ಅವನ್ನು ಡಿಜಿಟಲ್ ರೂಪಕ್ಕೆ ತಂದು ಊರಿನವರಿಗೂ ಕಾಣುವಂತೆ ಮಾಡುವ ಕೆಲಸ ನಡೆದಿದೆ. ಅಜ್ಜಿ ಅರವತ್ತು ವರ್ಷದ ಹಿಂದೆ ಬಿಡಿಸಿ ಮಾರಿದ ಚಿತ್ರವನ್ನು ಮೊಮ್ಮಕ್ಕಳು ಮೊದಲಸಲ ನೋಡುತ್ತಿದ್ದಾರೆ. ಊರಿನಲ್ಲೇ 2018ರಲ್ಲಿ ಕೆನೊಜುಆಕ್ ಹೆಸರಿನ ಸಾಂಸ್ಕೃತಿಕ ಕೇಂದ್ರ ತೆರೆಯಿತು, ಹೊಸ ಮುದ್ರಣಶಾಲೆ ಅದರೊಳಗಿದೆ. ಪಿಟ್ಸಿಯೊಲಾಕ್ ಅವರ ಇನ್ನೊಬ್ಬ ಮೊಮ್ಮಗಳು ಶುವಿನಾಯ್ ಅಶೂನಾ ಕಿಂಗಾಯಿಟ್‌ನಲ್ಲೇ ಇದ್ದು ಚಿತ್ರ ಬಿಡಿಸುತ್ತಾರೆ. ಅವರ ದೊಡ್ಡ ಕಾಗದಗಳ ಮೇಲೆ ಊರಿನ ಜನ, ಅಷ್ಟಪದಿಗಳು, ಚೆಂಡಿನಂತೆ ಕೈಯಲ್ಲಿ ಹಿಡಿಯಬಹುದಾದ ಭೂಗೋಲಗಳು, ಹೆಸರಿಲ್ಲದ ಪ್ರಾಣಿಗಳು ಒಂದೇ ಕೋಣೆಯಲ್ಲಿ ಗೆಳೆಯರಂತೆ ಇರುತ್ತವೆ. 2022ರಲ್ಲಿ ವೆನಿಸ್‌ನ ತೀರ್ಪುಗಾರರು ಆಕೆಗೆ ವಿಶೇಷ ಮನ್ನಣೆ ಕೊಟ್ಟರು. ಅಜ್ಜಿಯ ಗುಡಾರವೂ ತಂಗಿಯಂತಿದ್ದ ಆ್ಯನಿಯ ಟಿ.ವಿ.ಯೂ ಆ ಚಿತ್ರಗಳಿಗೆ ಬಂದು ಸೇರಿಕೊಂಡಿವೆ, ಯಾರ ಅಪ್ಪಣೆಯನ್ನೂ ಕೇಳದೆ.